ಏಣಿ ಗುರುತಿನ ಮೈಕಣ್ಣ

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕೋಳಿ ಕೆರೆದ ಹಾಗಿದೆ. ಎಷ್ಟು ನಿಧಾನವಾಗಿ ಬರೆದರೂ ಸಾಲು ಬಲಕ್ಕೆ ಹೋಗುತ್ತಾ ಇಳಿದುಬಿಡುತ್ತದೆ. ಒಂಬತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟವಳು, ದೊಡ್ಡ ಮಾತುಗಳು ಬರುವುದಿಲ್ಲ. ವಾಚನಾಲಯದ ಅಕ್ಕ, "ನಿಮ್ಮ ಕಡೆಯವರೊಬ್ಬರ ಬಾಳಿನ ಬಗ್ಗೆ ಬರೆದುಕೊಡು, ಕೈಬರಹದ ಪತ್ರಿಕೆಗೆ ಹಾಕೋಣ" ಎಂದರು. ನನ್ನ ಸೋದರಮಾವನ ಬಗ್ಗೆ ಬರೆದಿದ್ದೇನೆ, ಅವನನ್ನು ಕೇಳಿಯೇ ಬರೆದಿದ್ದೇನೆ. ಇದರಲ್ಲಿ ಬರುವ ಹುಡುಗಿ ನಾನೇ. ನನ್ನ ಬಗ್ಗೆ ಬರೆದುಕೊಳ್ಳಲು ಸಂಕೋಚವಾಗಿ ಹಾಗೆ ಬರೆದೆ. ತಪ್ಪಿದ್ದ ಕಡೆ ತಿದ್ದಿಕೊಂಡು ಓದಿ.

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆದರೆ ಅದನ್ನು ಕರೆಯುವವರು ಯಾರೂ ಉಳಿದಿರಲಿಲ್ಲ. ಸುತ್ತಿನ ಹಳ್ಳಿಗಳಿಗೆಲ್ಲ ಅವನು ಮೈಕಣ್ಣ. ಪಟ್ಟಣದ ಸೌಂಡ್ ಅಂಗಡಿಯಲ್ಲಿ ಅವನ ಕೆಲಸ. ಅಂಗಡಿಯ ಹಳೆಯ ವ್ಯಾನಿನ ತಲೆಯ ಮೇಲೆ ಧ್ವನಿವರ್ಧಕದ ಎರಡು ಹಾರ್ನ್ ಕಟ್ಟಿ, ಡ್ರೈವರನ ಪಕ್ಕ ಕೂತು, ಧೂಳು ಬಾರದ ಹಾಗೆ ಗಾಜು ಏರಿಸಿ, ಮೈಕನ್ನು ತುಟಿಗೆ ತಾಗಿಸಿಕೊಂಡು ಊರೂರು ಸುತ್ತುತ್ತಿದ್ದ. ಕಳೆದುಹೋದ ಎಮ್ಮೆ, ಕಣ್ಣಿನ ಶಿಬಿರ, ನಾಳೆ ಕರೆಂಟಿಲ್ಲ, ಇಂಥವರು ತೀರಿಕೊಂಡರು, ಎಲ್ಲವೂ ಅವನ ಬಾಯಿಂದಲೇ ಬರಬೇಕು. ತುಂಬಿದ ಕೊಡದಂಥ ದನಿ. ಎಮ್ಮೆ ಕಳೆದದ್ದನ್ನು ಅವನು ಹೇಳಿದರೆ, ಎಮ್ಮೆಯಿಲ್ಲದವರೂ ಕೊಟ್ಟಿಗೆಗೆ ಹೋಗಿ ನೋಡಿಬರುತ್ತಿದ್ದರು.

ವ್ಯಾನಿನಿಂದ ಇಳಿದರೆ ಮಾತ್ರ ಬೇರೆಯೇ ಮನುಷ್ಯ. ಹೋಟೆಲಿನಲ್ಲಿ ಎರಡನೆಯ ಲೋಟ ಚಹಾ ಕೇಳಲೂ ನಾಚಿಕೆ. ಮದುವೆಯ ಮಾತು ಬಂದಾಗಲೆಲ್ಲ ಹಿತ್ತಲಿಗೆ ಹೋಗಿ ನಿಂತು ನಿಂತು ವಯಸ್ಸೇ ದಾಟಿಹೋಯಿತು. ತಂಗಿಯ ಗಂಡ ತೀರಿಕೊಂಡ ಮೇಲೆ ಅವಳ ಮನೆಗೇ ಬಂದು ಉಳಿದ. ಮುಂದಿನ ಕೋಣೆ ಅವನದು. ಒಂದು ಮಂಚ, ಸುತ್ತಿಟ್ಟ ವೈರು, ಬೆಸುಗೆ ಹಾಕುವ ಕಡ್ಡಿ, ಕಿಟಕಿಯ ಮೇಲೆ ಗಂಟಲಿಗೆಂದು ಜ್ಯೇಷ್ಠಮಧುವಿನ ಡಬ್ಬಿ.

ಚುನಾವಣೆ ಬಂತೆಂದರೆ ಅವನಿಗೆ ಪುರಸೊತ್ತಿಲ್ಲ. ಬೆಳಗ್ಗೆ ಒಂದು ಪಕ್ಷ, ಮಧ್ಯಾಹ್ನ ಇನ್ನೊಂದು. ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ದನಿ ಬಾಡಿಗೆಯದು, ಅಷ್ಟೇ. ಆದರೆ ಹಿಂದಿನ ಚುನಾವಣೆಯಲ್ಲಿ ಒಂದು ಮಾತು ಅವನ ಕೊರಳಿಗೆ ಸುತ್ತಿಕೊಂಡಿತು. ಪಟ್ಟಣದಿಂದ ಮೇಲಿನ ಹಳ್ಳಿಗಳಿಗೆ ಬರುತ್ತಿದ್ದ ಸಂಜೆಯ ಬಸ್ಸನ್ನು ಆಗಷ್ಟೇ ನಿಲ್ಲಿಸಿದ್ದರು. ಬೆಳಗಿನ ಬಸ್ಸು ಮಕ್ಕಳನ್ನು ಹೈಸ್ಕೂಲಿಗೆ ಒಯ್ಯುತ್ತಿತ್ತು, ಹಿಂದಕ್ಕೆ ತರಲು ಏನೂ ಇರಲಿಲ್ಲ. ಅಕ್ಕಿ ಗಿರಣಿಯ ಸಾಹುಕಾರರು ಆ ಸಲ ನಿಂತಿದ್ದರು. "ಗೆದ್ದ ತಿಂಗಳಲ್ಲೇ ಸಂಜೆ ಬಸ್ಸು" ಎಂದು ಮೈಕಣ್ಣನ ಕೈಯಲ್ಲಿ ಹೇಳಿಸಿದರು. ಅವನು ಎದೆ ತುಂಬಿ ಹೇಳಿದ. ಸಾಹುಕಾರರು ಗೆದ್ದರು. ಬಸ್ಸು ಬರಲಿಲ್ಲ.

ಜನ ಗಿರಣಿಗೆ ಹೋಗಿ ಕೇಳುವುದುಂಟೆ? ಮೈಕಣ್ಣನನ್ನೇ ಕೇಳಿದರು.

"ಎಲ್ಲಪ್ಪಾ ನಿನ್ನ ಬಸ್ಸು? ದಾರೀಲಿ ಪಂಚರ್ ಆಯ್ತಾ?"

"ಪಾಪ, ಐದು ವರ್ಷದಿಂದ ಸ್ಟೆಪ್ನಿ ಹುಡುಕ್ತಾ ಇದ್ದಾರೆ."

ಅವನೂ ನಗುತ್ತಿದ್ದ. ಆದರೆ ಮೇಲಿನ ಹಳ್ಳಿಗಳ ಹುಡುಗಿಯರು ಒಬ್ಬೊಬ್ಬರಾಗಿ ಶಾಲೆ ಬಿಟ್ಟರು. ಕೊನೆಗೆ ತಂಗಿಯ ಮಗಳ ಸರದಿಯೂ ಬಂತು. ಅವಳು ಜಲ್ಲಿ ಲಾರಿ ಹತ್ತಿ, ಹಾಲಿನ ಗಾಡಿ ಹತ್ತಿ, ಏನೂ ಸಿಗದ ದಿನ ನಡೆದು ಬರುತ್ತಿದ್ದಳು. ಒಂದು ಸಂಜೆ ಲಾರಿಯವನೊಬ್ಬ ಬೇಡದ ಮಾತಾಡಿದನೆಂದು ಅಳುತ್ತಾ ಬಂದಳು. ಮಾರನೆಯ ದಿನ ಅವಳ ಅಮ್ಮ ಚೀಲವನ್ನು ಅಟ್ಟಕ್ಕೆ ಎತ್ತಿಟ್ಟಳು. ಮೈಕಣ್ಣ ಅಂದು ಊಟಕ್ಕೆ ಕೂತವನು ತಟ್ಟೆಯಲ್ಲೇ ಕೈ ತೊಳೆದು ಎದ್ದ.

ಮುಂದಿನ ಚುನಾವಣೆ ಘೋಷಣೆಯಾದಾಗ ಅವನು ತಂಗಿಗೆ ಹೇಳಿದ್ದು ಇಷ್ಟು: "ಈ ಸಲ ಯಾರಿಗೂ ಕೂಗಲ್ಲ. ನಾನೇ ನಿಲ್ತೀನಿ."

"ಎಲ್ಲಿ ನಿಲ್ತೀಯ?"

"ವಿಧಾನಸಭೆಗೆ."

ತಂಗಿ ಮೊರದಲ್ಲಿದ್ದ ಕಾಳು ಕೆಳಗಿಟ್ಟಳು. "ಅಣ್ಣಾ, ಪಕ್ಕದ ಮನೆಯವರು ನಮ್ಮ ಬಕೆಟ್ ಒಯ್ದು ವರ್ಷವಾಯ್ತು. ಅದನ್ನ ಕೇಳೋಕೆ ಬಾಯಿ ಬರಲ್ಲ ನಿನಗೆ. ಸರ್ಕಾರದ ಹತ್ರ ಬಸ್ಸು ಕೇಳ್ತೀಯಾ?"

"ಮೈಕ್ ಇದ್ದರೆ ಕೇಳ್ತೀನಿ" ಎಂದ ಅವನು.

ನಾಮಪತ್ರ ಹಾಕಿದ. ಗುರುತಿಗೆ ಏಣಿ ಕೇಳಿದ. ಕರಪತ್ರಕ್ಕೆಂದು ಸ್ಟುಡಿಯೋದವನು ತನ್ನ ಕೋಟು ಹಾಕಿಸಿ, ತಲೆಗೆ ನೀರು ಹಚ್ಚಿ ಬಾಚಿಸಿ, ಉಸಿರು ಬಿಗಿ ಹಿಡಿಯಲು ಹೇಳಿ ಫೋಟೋ ತೆಗೆದ. ಅಚ್ಚಾಗಿ ಬಂದಾಗ ತಂಗಿ ನೋಡಿ, "ಇದ್ಯಾರು? ಗೋಡೆಗೆ ತೂಗುಹಾಕೋ ಫೋಟೋ ಥರ ಇದೆಯಲ್ಲ" ಎಂದಳು. ಕೆಳಗೆ ಅವನ ನಿಜವಾದ ಹೆಸರು ದಪ್ಪ ಅಕ್ಷರದಲ್ಲಿತ್ತು. ಅದನ್ನು ಓದಿ ಹುಡುಗಿಯೇ ಒಂದು ಗಳಿಗೆ ತಬ್ಬಿಬ್ಬಾದಳು.

ನಾಮಪತ್ರ ಹಿಂತೆಗೆಯುವ ಗಡುವು ಮುಗಿಯುವ ಮೊದಲು ಗಿರಣಿ ಸಾಹುಕಾರರು ಮನೆಗೇ ಬಂದರು. ಮೈಕಣ್ಣ ಮಂಚದ ಮೇಲಿನ ವೈರು ಸರಿಸಿ ಜಾಗ ಮಾಡಿಕೊಟ್ಟು ತಾನು ಬಾಗಿಲಿಗೆ ಒರಗಿ ನಿಂತ.

"ಏನಯ್ಯಾ, ನನ್ನ ಎದುರಿಗೇ ಏಣಿ ಹಾಕ್ತಿದ್ದೀಯಂತೆ?" ಸಾಹುಕಾರರು ನಗುತ್ತಲೇ ಕೇಳಿದರು. "ನೋಡು, ಹೋದ ಸಲ ಬಸ್ಸಿನ ವಿಷಯ ನನ್ನ ಕೈಮೀರಿ ಹೋಯ್ತು. ಈ ಸಲ ಡಿಪೋದವರ ಹತ್ತಿರ ಮಾತಾಡಿ ಮುಗಿಸಿದ್ದೀನಿ. ಹೆಸರು ವಾಪಸ್ ತಗೋ. ಮೊದಲಿನ ಹಾಗೆ ಮೈಕ್ ಹಿಡಿ. ಮಳೆಗಾಲದೊಳಗೆ ನಿನ್ನ ತಂಗಿ ಮಗಳು ಸಂಜೆ ಬಸ್ಸಲ್ಲಿ ಮನೆಗೆ ಬರ್ತಾಳೆ."

ಹುಡುಗಿ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದಳು. ಮಾವ ಹೂಂ ಅನ್ನಲಿ ಎಂದೂ ಅವಳಿಗೆ ಅನಿಸಿತು, ಅನ್ನದಿರಲಿ ಎಂದೂ ಅನಿಸಿತು.

"ಸಾಹುಕಾರ್ರೇ, ಅದೇ ಮಾತನ್ನ ನನ್ನ ಬಾಯಲ್ಲೇ ಹೇಳಿಸಿದ್ರಿ" ಎಂದ ಮೈಕಣ್ಣ, ನೆಲ ನೋಡುತ್ತಾ. "ಇನ್ನೊಂದು ಸಲ ಹೇಳೋಕೆ ನಾಲಿಗೆ ಏಳಲ್ಲ."

"ಹಟ ಮಾಡಬೇಡ."

"ಹಟ ಅಲ್ಲ. ಆಗಲ್ಲ."

ಸಾಹುಕಾರರು ಚಹಾ ಮುಟ್ಟದೆ ಎದ್ದುಹೋದರು. ಅವನ ಬಾಳಿನಲ್ಲಿ ಮೈಕಿಲ್ಲದೆ ಅಷ್ಟು ಗಟ್ಟಿಯಾಗಿ ಆಡಿದ ಮಾತು ಅದೊಂದೇ ಇರಬೇಕು.

ಕೇಳಿದ್ದ ಏಣಿಯ ಗುರುತೇ ಸಿಕ್ಕಿತು. ಸೌಂಡ್ ಅಂಗಡಿಯ ಮಾಲೀಕ ಬಾಡಿಗೆಯಿಲ್ಲದ ಹೊತ್ತಿನಲ್ಲಿ ವ್ಯಾನು ಬಿಟ್ಟುಕೊಟ್ಟ. ಡ್ರೈವರ್ ಹಳೆಯ ಗೆಳೆಯ, ಡೀಸೆಲ್ ಹಾಕಿದರೆ ಸಾಕೆಂದ. ಮೈಕಣ್ಣ ಎಂದಿನಂತೆ ಮುಂದಿನ ಸೀಟಿನಲ್ಲಿ ಕೂತ, ಎಂದಿನಂತೆ ಗಾಜು ಏರಿಸಿದ, ಎಂದಿನಂತೆ ಶುರುಮಾಡಿದ: "ಬಂಧುಗಳೇ, ನಿಮ್ಮ ನೆಚ್ಚಿನ ಅಭ್ಯರ್ಥಿ, ಬಡವರ ಕಷ್ಟ ಬಲ್ಲವರು, ಸಂಜೆ ಬಸ್ಸಿಗಾಗಿ ಹೋರಾಡುವವರು, ಇವರ ಗುರುತು ಏಣಿ. ಇವರಿಗೇ ನಿಮ್ಮ ಅಮೂಲ್ಯ ಮತ." ನಡುವೆ ಆ ಯಾರಿಗೂ ಗೊತ್ತಿಲ್ಲದ ಹೆಸರು. ಕೂಗುವವನು ಎಂದೂ ತನ್ನ ಬಗ್ಗೆ ಕೂಗುವುದಿಲ್ಲ. ಅದು ಆ ಕೆಲಸದ ರೂಢಿ. ಇಪ್ಪತ್ತು ಮೂವತ್ತು ವರ್ಷ ಬಾಯಿಗೆ ಅಂಟಿಕೊಂಡದ್ದು ಒಂದು ತಿಂಗಳಲ್ಲಿ ಬಿಡುತ್ತದೆಯೇ?

ಜನ ಕೈ ಬೀಸಿದರು. ಚಹಾ ಅಂಗಡಿಯವನು ವ್ಯಾನು ನಿಲ್ಲಿಸಿ ಕೇಳಿದ: "ಈ ಸಲ ಯಾರ ಕಡೆ ಮೈಕಣ್ಣ? ಏಣಿಯವರು ಚೆನ್ನಾಗಿ ಕೊಡ್ತಾರಾ?"

ಮೈಕಣ್ಣನ ಕಿವಿ ಕೆಂಪಾಯಿತು. "ಅದು... ನಮ್ಮವರೇ" ಎಂದ.

ಡ್ರೈವರ್ ಸ್ಟೇರಿಂಗಿಗೆ ತಲೆ ಒತ್ತಿ ನಕ್ಕ. ಹುಡುಗಿ ಹಿಂದಿನ ಸೀಟಿನಲ್ಲಿ ಕರಪತ್ರ ಹಿಡಿದು ಕೂತಿದ್ದಳು. ಊರು ದಾಟಿದ ಮೇಲೆ ಹೇಳಿದಳು: "ಮಾವ, ಜನಕ್ಕೆ ಗೊತ್ತಾಗ್ತಾ ಇಲ್ಲ. ಕೆಳಗಿಳಿದು, ನಿಂತಿರೋದು ನಾನೇ ಅಂತ ಹೇಳಿಬಿಡು. ಅಷ್ಟೇ ಸಾಕು."

"ಹೇಳ್ತೀನಿ. ಮುಂದಿನ ಊರಲ್ಲಿ ಹೇಳ್ತೀನಿ."

ಮುಂದಿನ ಊರಲ್ಲಿ ಕಟ್ಟೆಯ ಬಳಿ ತುಂಬಾ ಜನ ಸೇರಿದ್ದರು. ಮೈಕಣ್ಣ ಉದ್ದನೆಯ ವೈರು ಎಳೆದುಕೊಂಡು ಕೆಳಗಿಳಿದ. ಎಲ್ಲರ ಕಣ್ಣು ತನ್ನ ಮುಖದ ಮೇಲೆ ಬಿದ್ದಾಗ ಹೆಗಲು ಕುಗ್ಗಿತು. ಮೈಕಿನಲ್ಲಿ ಒಂದು ಸಲ ಕೆಮ್ಮಿದ. "ನಾ..." ಎಂದ. ಹಾರ್ನಿನಲ್ಲಿ ಆ ಒಂದಕ್ಷರ ಊರ ತುದಿಯ ತನಕ ಹೋಗಿ ಬಂತು. ಮತ್ತೆ ಕೆಮ್ಮಿದ. ಆಮೇಲೆ ಕಣ್ಣು ಮುಚ್ಚಿಕೊಂಡು, ಹಳೆಯ ದನಿಯಲ್ಲಿ, "ಇಗೋ ಬಂದಿದ್ದಾರೆ ನಿಮ್ಮ ಮನೆಯ ಮಗ! ನಿಮ್ಮ ಮುಂದೆಯೇ ನಿಂತಿದ್ದಾರೆ!" ಎಂದುಬಿಟ್ಟ.

ಜನರೆಲ್ಲ ವ್ಯಾನಿನ ಕಡೆ ತಿರುಗಿದರು. ಮುಂದಿದ್ದ ಹೆಂಗಸರು ದಾರಿ ಬಿಟ್ಟು ಸರಿದರು. ಒಬ್ಬ ಓಡಿಹೋಗಿ ಹಿಂದಿನ ಬಾಗಿಲನ್ನೂ ತೆರೆದ. ಒಳಗೆ ಹುಡುಗಿ, ಕರಪತ್ರದ ಕಟ್ಟು, ಒಂದು ನೀರಿನ ಕ್ಯಾನು.

"ಎಲ್ಲಪ್ಪಾ ಅವರು? ಇಳೀಲೇ ಇಲ್ಲ?"

"ಹಿಂದಿನ ಕಾರಲ್ಲಿ ಬರ್ತಿರಬೇಕು ಬಿಡು."

ಹುಡುಗಿ ಆಗ ಹೇಳಬಹುದಿತ್ತು. ಬಾಯಿ ತೆರೆದಳು ಕೂಡ. ಆದರೆ ಅಷ್ಟು ಜನ ಒಟ್ಟಿಗೆ ತನ್ನನ್ನು ನೋಡುತ್ತಿದ್ದಾಗ ಅವಳೂ ಮಾವನ ಹಾಗೆ ಕುಗ್ಗಿ, ಕರಪತ್ರದ ಕಟ್ಟನ್ನು ಮುಖಕ್ಕೆ ಅಡ್ಡ ಹಿಡಿದಳು. ಡ್ರೈವರ್ ಇಂಜಿನ್ ಶುರುಮಾಡಿ, "ಬರ್ತಾರೆ, ಬರ್ತಾರೆ" ಎಂದು ತಮಾಷೆಗೆ ಕೂಗಿದ. ವ್ಯಾನು ಹೊರಟಿತು. ಆ ದಿನದ ಮೇಲೆ ಮೈಕಣ್ಣ ಕೆಳಗಿಳಿಯುವ ಮಾತೆತ್ತಲಿಲ್ಲ. ಗಾಜಿನ ಹಿಂದೆಯೇ ಕೂತು ಕೊನೆಯ ದಿನದ ತನಕ ಕೂಗಿದ. ದನಿ ಒಡೆದು ಹೋಗುವಷ್ಟು ಕೂಗಿದ.

ಫಲಿತಾಂಶ ಬಂತು. ಏಣಿಗೆ ಸ್ವಂತ ಊರಿನವರ, ಅಂಗಡಿಯವರ, ಅಲ್ಲಿ ಇಲ್ಲಿ ಗುರುತು ಹಿಡಿದ ಕೆಲವರ ಮತ ಬಿದ್ದಿತ್ತು. ಠೇವಣಿ ಹೋಯಿತು. ಅದಕ್ಕೆ ಮನೆಯಲ್ಲಿ ಯಾರೂ ಅಳಲಿಲ್ಲ. ಆದರೆ ಗಿರಣಿ ಸಾಹುಕಾರರೂ ಸೋತಿದ್ದರು, ಕೂದಲೆಳೆಯ ಅಂತರದಲ್ಲಿ, ಏಣಿಗೆ ಬಿದ್ದ ಮತಗಳಿಗಿಂತಲೂ ಕಡಿಮೆ. ಗೆದ್ದವನು ಪಟ್ಟಣದ ಗುತ್ತಿಗೆದಾರ. ಮೇಲಿನ ಹಳ್ಳಿಗಳ ಮುಖ ನೋಡಿದವನಲ್ಲ. ಊರಿನವರು ಹೋಗಿ ಬಸ್ಸಿನ ಮಾತೆತ್ತಿದರೆ, "ನೀವು ನನಗೆ ಹಾಕಿದ್ರಾ?" ಎಂದು ಕೇಳಿ ಕಳಿಸಿದ.

ಆಗ ಶುರುವಾಯಿತು ಊರಿನವರ ಪಿಸುಮಾತು. "ಸಾಹುಕಾರರು ಡಿಪೋದಲ್ಲಿ ಎಲ್ಲ ಮುಗಿಸಿದ್ರಂತೆ. ಇವನು ಸುಮ್ಮನಿದ್ದಿದ್ರೆ ಬಸ್ಸು ಬಂದಿರೋದು." ನಿಜವೋ ಸುಳ್ಳೋ ಹೇಳುವವರು ಯಾರು? ಡಿಪೋದವರನ್ನು ಕೇಳಿದರೆ ಅವರು ಭುಜ ಕುಣಿಸಿದರು.

ಇದನ್ನೆಲ್ಲ ಮೈಕಣ್ಣ ತಡೆದುಕೊಂಡ. ತಡೆಯಲಾಗದೆ ಹೋದದ್ದು ಒಬ್ಬ ಮುದುಕಿಯ ಮಾತು. ಯಾರದೋ ಸಾವಿನ ಸುದ್ದಿ ಕೂಗಲು ಅಂದು ಕಟ್ಟೆಯ ಬಳಿ ಕೆಳಗಿಳಿದಿದ್ದ ಆ ಊರಿಗೇ ಹೋಗಿದ್ದಾಗ, ಅವಳು ಊರುಗೋಲು ಹಿಡಿದು ವ್ಯಾನಿನ ಹತ್ತಿರ ಬಂದು ಗಾಜು ತಟ್ಟಿದಳು.

"ಮಗಾ, ನಿನ್ನ ಮಾತು ಕೇಳಿ ಏಣಿಗೇ ಹಾಕಬೇಕು ಅಂತಿದ್ದೆ. ಮೊಮ್ಮಗಳು ಬಸ್ಸಿಲ್ಲದೆ ಶಾಲೆ ಬಿಟ್ಟಿದ್ದಾಳೆ. ಆದರೆ ನಿನ್ನ ಏಣಿಯವನು ಒಂದು ಸಲವಾದರೂ ನಮ್ಮೂರಿಗೆ ಬಂದು ಮುಖ ತೋರಿಸಿದ್ನಾ? ನೀನಾದರೂ ಮೂರು ಮೂರು ಸಲ ಬಂದೆ. ಅವನಿಗೆ ಅಷ್ಟು ಸೊಕ್ಕು ಇರಬಾರದಿತ್ತು."

ಮೈಕಣ್ಣ ಗಾಜು ಇಳಿಸಿದ. "ಇರಬಾರದಿತ್ತಮ್ಮ" ಎಂದ.

ಮನೆಗೆ ಬಂದು ತಂಗಿಗೆ ಅದನ್ನು ಹೇಳುವಾಗ ನಗಲು ನೋಡಿದ. ಅರ್ಧದಲ್ಲಿ ನಗು ನಿಂತಿತು. ತಂಗಿ ಅವನ ಮುಂದೆ ಚಹಾ ಇಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಲೋಟ ತಂದಿಟ್ಟಳು.

"ಅವತ್ತು ಸಾಹುಕಾರ್ರಿಗೆ ಆಗಲಿ ಅಂದಿದ್ದರೆ ಬಸ್ಸು ಬರ್ತಿತ್ತೇನೋ" ಎಂದ ಅವನು. ಅದನ್ನು ಕೇಳಿದ್ದು ತಂಗಿಯನ್ನಲ್ಲ, ಹುಡುಗಿಯನ್ನು.

"ಗೊತ್ತಿಲ್ಲ ಮಾವ" ಎಂದಳು ಅವಳು. ಬರ್ತಿರಲಿಲ್ಲ ಎಂದು ಹೇಳಿದ್ದರೆ ಅವನಿಗೆ ಹಗುರಾಗುತ್ತಿತ್ತು. ಆದರೆ ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಈಗಲೂ ಅವನು ಎಮ್ಮೆ, ಕರೆಂಟು, ಸಾವು ಎಲ್ಲವನ್ನೂ ಕೂಗುತ್ತಾನೆ. ಚುನಾವಣೆಗೆ ಮಾತ್ರ ಕೂಗುವುದಿಲ್ಲ. ಪಂಚಾಯಿತಿ ಚುನಾವಣೆಯವರು ಬಂದು ಎಷ್ಟು ಬೇಡಿಕೊಂಡರೂ ಹಿತ್ತಲಿಗೆ ಹೋಗಿ ನಿಂತುಬಿಟ್ಟ. ಸಂಜೆ ಬಸ್ಸು ಬಂದಿಲ್ಲ. ಬರುವ ಸುದ್ದಿಯೂ ಇಲ್ಲ.

ಸೋಮವಾರ ಬೆಳಗಿನ ಬಸ್ಸಿಗೆ ಪಟ್ಟಣಕ್ಕೆ ಹೋಗುತ್ತೇನೆ. ಹೈಸ್ಕೂಲಿನ ಮಾಸ್ತರರ ಹತ್ತಿರ ಹಳೆಯ ಪುಸ್ತಕಗಳನ್ನು ಕೇಳಿ ತಂದು, ಮನೆಯಲ್ಲೇ ಓದಿ, ಹೊರಗಿನಿಂದಲೇ ಹತ್ತನೆಯ ತರಗತಿಯ ಪರೀಕ್ಷೆ ಕಟ್ಟುತ್ತೇನೆ. ಬರುವಾಗ ನಡೆದು ಬರುತ್ತೇನೆ, ದಾರಿಯ ನಡುವಿನ ಸೇತುವೆಯ ತನಕ ಮಾವ ಎದುರು ಬರುತ್ತಾನೆ.