ನರ್ಸಮ್ಮನ ರೈಲು, ನನ್ನ ನಿಂಬೆಹಣ್ಣು

ಎಡಗೆನ್ನೆಯನ್ನು ಕೆಂಪು ಗಾರೆಯ ನೆಲಕ್ಕೆ ಆನಿಸಿ, ಕನ್ನಡಕ ಹಣೆಗೇರಿಸಿ, ಒಂದು ಕಣ್ಣು ಮುಚ್ಚಿ ಆಕೆ ಅಡ್ಡಬಿದ್ದಿದ್ದರು. ರೂಮು ಬಾಡಿಗೆಗೆ ಕೇಳಲು ಹೋದವನು ಬಾಗಿಲಲ್ಲೇ ಗಾಬರಿಯಾದೆ.

"ಅಮ್ಮಾ, ಏನಾಯ್ತು? ಬಿದ್ರಾ?"

"ಬಿದ್ದಿರೋದು ನಾನಲ್ಲ ಕಣಯ್ಯ, ಇಂಜಿನ್ನು. ಬೆಳಕಿಗೆ ಅಡ್ಡ ನಿಂತಿದ್ದೀಯ, ಅತ್ಲಾಗಿ ಸರ್ಕೋ."

ಎದ್ದಾಗ ಕೆನ್ನೆಗೆ ನೆಲದ ಕೆಂಪು ಮೆತ್ತಿಕೊಂಡಿತ್ತು. ಒರೆಸಿಕೊಳ್ಳಲಿಲ್ಲ. ಅದೇ ಮುಖದಲ್ಲಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಪಾತ್ರೆ ಮಾರೋನಲ್ವಾ ನೀನು? ನಿನ್ ಕುಕ್ಕರ್ ಮುಚ್ಚಳ ಕೂರಲ್ಲ" ಅಂದರು. ನಮ್ಮ ಪರಿಚಯ ಶುರುವಾದದ್ದು ಹೀಗೆ.

ಬೀದಿಗೆಲ್ಲ ಅವರು ನರ್ಸಮ್ಮ. ಬುಕ್ಕಾಪಟ್ಟಣದಲ್ಲಿ ಕೆಲಸ ಶುರು ಮಾಡಿ, ನಾಗಲಮಡಿಕೆಯಲ್ಲಿ ಬಹಳ ಕಾಲ ಇದ್ದು, ರಿಟೈರಾದ ಮೇಲೆ ಮಧುಗಿರಿಗೆ ಬಂದವರು. ಪಾವಗಡದ ಕಡೆಯ ತೆಲುಗು ನಾಲಿಗೆಗೆ ಅಂಟಿಕೊಂಡಿತ್ತು. ಸಿಟ್ಟು ನೆತ್ತಿಗೇರಿದಾಗ ಮಾತ್ರ ಹೊರಗೆ ಬರುತ್ತಿತ್ತು. ನಮ್ಮೂರಿಗೆ ರೈಲು ಬರುತ್ತದೆ ಎಂದು ಕೇಳುತ್ತಲೇ ನನ್ನ ಕೂದಲು ಬೆಳ್ಳಗಾಯಿತು. ಊರಿನಲ್ಲಿ ಓಡುತ್ತಿದ್ದ ರೈಲೆಂದರೆ ಅವರ ಮನೆಯದೊಂದೇ. ಅಂಗೈಯಗಲದ ಕರಿ ಇಂಜಿನ್ನು, ಹಿಂದೆ ಕೆಂಪು ಬೋಗಿಗಳು. ದಸರೆಗೆ ಗೊಂಬೆ ಕೂರಿಸಿದಾಗ ಪೆಟ್ಟಿಗೆಯಿಂದ ಹೊರಗೆ ತೆಗೆದು, ಮೆಟ್ಟಿಲ ಸುತ್ತ ಹಳಿ ಹಾಸಿ, ಕರೆಂಟು ಕೊಟ್ಟು ಓಡಿಸುತ್ತಿದ್ದರು. ಯಾರು ಕೊಡಿಸಿದ್ದು ಎಂದು ಯಾರಾದರೂ ಕೇಳಿದರೆ, "ಯಾಕೆ, ನಾನು ಸಂಬಳ ತಗೋತಿರ್ಲಿಲ್ವಾ?" ಎನ್ನುತ್ತಿದ್ದರು.

ನನಗೆ ಇದೆಲ್ಲ ಹುಚ್ಚಾಟ ಅನ್ನಿಸಿತು. ಕೊರಟಗೆರೆ, ಶಿರಾ ಎಂದು ಸಂತೆ ಸಂತೆಗೆ ಸೈಕಲ್ಲಿನಲ್ಲಿ ಪಾತ್ರೆ ಹೊತ್ತು ಮೇಲೆ ಬಂದವನು ನಾನು. ನಿಮಗೂ ಒಂದು ಮಾತು ಹೇಳಿರುತ್ತೇನೆ: ಯಾವುದಾದರೂ ಒಂದರ ಹುಚ್ಚು ಹಿಡಿದವರ ಹತ್ತಿರ ವ್ಯಾಪಾರ ಸಲೀಸು. ಆ ಹುಚ್ಚನ್ನು ಸ್ವಲ್ಪ ಹೊಗಳಿ, ನಮಗೆ ಬೇಕಾದದ್ದನ್ನು ಕೇಳಬೇಕು. ನಾನೂ ಇಂಜಿನ್ನನ್ನು ಹೊಗಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ರೂಮು ಕೊಡ್ತೀನಿ. ವರ್ಷಾ ವರ್ಷಾ ಆಯುಧಪೂಜೆ ದಿನ ಗೊಂಬೆ ಸುತ್ತ ರೈಲು ಒಂದು ಸುತ್ತು ಬರ್ಬೇಕು. ಬಂದ್ರೆ ಇನ್ನೊಂದು ವರ್ಷ ರೂಮು ನಿಂದು. ಬರ್ಲಿಲ್ಲ ಅಂದ್ರೆ ಬೀಗ ನನ್ ಕೈಗೆ" ಅಂದರು.

ಮುಖ್ಯರಸ್ತೆಗೆ ಬಾಗಿಲು ತೆರೆಯುವ ರೂಮು, ಕರಾರು ಒಂದು ಆಟದ ಸಾಮಾನು. ಆಕೆಗೆ ಟೋಪಿ ಹಾಕಿದೆ ಎಂದುಕೊಂಡು ಒಪ್ಪಿದೆ. ಅವರ ಕೈಗಳನ್ನು ನಾನು ನೋಡಿರಲೇ ಇಲ್ಲ. ಅವು ನಡುಗುತ್ತಿದ್ದವು. ಸರ್ವೀಸಿನ ಕೊನೆಗೆ ಇಂಜೆಕ್ಷನ್ ಕೊಡುವುದನ್ನು ತಾವಾಗಿಯೇ ಬಿಟ್ಟವರಂತೆ. ರೈಲನ್ನು ಬಿಡಲು ಮನಸ್ಸಿರಲಿಲ್ಲ. ಬಾಯಿ ಬಿಟ್ಟು ಸಹಾಯ ಕೇಳುವ ಜಾತಿಯೂ ಅಲ್ಲ. ಅದಕ್ಕೆ ಬಾಡಿಗೆದಾರನನ್ನು ಹಿಡಿದರು.

ಹಳಿ ತಪ್ಪಿದ ಚಕ್ರವನ್ನು ಕೂರಿಸುವುದು ನೋಡಲು ಸುಲಭ. ಸಿಕ್ಕವರೆಲ್ಲ ಮಾಡುವುದು ಒಂದೇ, ಮೇಲಿನಿಂದ ಹೆಬ್ಬೆಟ್ಟಿನಲ್ಲಿ ಒತ್ತುವುದು. ನಾನೂ ಒತ್ತಿದೆ. ಮುಚ್ಚಳ ಒತ್ತಿ ಒತ್ತಿ ಬೆಳೆದ ಕೈ ಇದು.

"ಚೆಯ್ಯಿ ತಿಯ್ಯಿ" ಎಂದು ಗದರಿದರು, ಕೈ ತೆಗಿ ಎಂದು. "ನರ ಸಿಗ್ಲಿಲ್ಲ ಅಂತ ಸೂಜಿ ಒತ್ತಿದ್ರೆ ರಕ್ತ ಬರ್ತದೆ, ನರ ಬರ್ತದಾ? ಗಿರಾಕಿನೂ ಇಂಗೇ ಒತ್ತುತೀಯ ನೀನು. ಅದಕ್ಕೇ ಅವ್ರು ಶಿರಾಕ್ಕೆ ಓಡೋಗ್ತಾರೆ."

ಆ ಮಾತು ನನಗೆ ಹಿಡಿಸಲಿಲ್ಲ. ವರ್ಷವೆಲ್ಲ ಸುಮ್ಮನಿದ್ದು ದಸರೆಗೆ ಮಾತ್ರ ಅವರ ಬಾಯಿಗೆ ಸಿಕ್ಕುತ್ತಿದ್ದೆ. ಅರ್ಧ ಅವರು, ಅರ್ಧ ನಾನು, ಹೇಗೋ ರೈಲು ಓಡುತ್ತಿತ್ತು. ಕೊನೆಗೊಂದು ದಸರೆಯಲ್ಲಿ ಅವರಿಗೆ ನೆಲಕ್ಕೆ ಬಗ್ಗುವುದೂ ಆಗದಾಯಿತು. ಕುರ್ಚಿಯಲ್ಲಿ ಕೂತು, ಎರಡು ಕೈಯನ್ನೂ ಸೆರಗಿನೊಳಗೆ ಮುಚ್ಚಿಕೊಂಡು, "ಈ ಸಲ ಎಲ್ಲಾ ನಿಂದೇ" ಅಂದರು.

ಆ ಆಯುಧಪೂಜೆಗೆ ರೂಮಿನ ಮೇಲೆ ಕಣ್ಣಿಟ್ಟಿದ್ದ ಒಬ್ಬ ಮೊಬೈಲ್ ಅಂಗಡಿಯವನೂ ಬಂದಿದ್ದ. ಎರಡು ಜೇಬಿನಲ್ಲೂ ಫೋನು, ತಲೆಯಲ್ಲಿ ಮಾತ್ರ ಸಿಗ್ನಲ್ ಇಲ್ಲ. ನಮ್ಮ ಕರಾರಿನ ಸುದ್ದಿ ಅವನಿಗೆ ಹೇಗೋ ಗೊತ್ತಾಗಿತ್ತು. ಬೀದಿಯ ಮಕ್ಕಳು ಚಕ್ಕುಲಿಗೆ ಕಾದು ಕೂತಿದ್ದವು. ರೈಲು ಸುತ್ತು ಮುಗಿಸದೆ ಆ ಮನೆಯಲ್ಲಿ ಚಕ್ಕುಲಿ ಹಂಚುತ್ತಿರಲಿಲ್ಲ.

ಮೊಬೈಲಿನವನನ್ನು ಕಂಡ ಭಯಕ್ಕೆ ನನಗೆ ಭಕ್ತಿ ಉಕ್ಕಿತು. ಬೆಳಿಗ್ಗೆ ನನ್ನ ಲಗೇಜ್ ಆಟೋಗೆ ಮಾಡಿದ ಪೂಜೆಯನ್ನೇ ಇಂಜಿನ್ನಿಗೂ ಮಾಡಿದೆ. ಹಳಿಗೆ ಅರಿಶಿನ ಕುಂಕುಮ ಹಚ್ಚಿದೆ. ಚಕ್ರದ ಮುಂದೆ ನಿಂಬೆಹಣ್ಣು ಇಟ್ಟು ಸ್ವಿಚ್ ಒತ್ತಿದೆ. ಆಟೋ ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡುತ್ತದೆ. ಇಂಜಿನ್ನು ಅದಕ್ಕೆ ಮೂತಿ ಗುದ್ದಿ, ಒಂದು ಪಕ್ಕ ಮೇಲೆದ್ದು, ಬೋಗಿಗಳ ಸಮೇತ ಮಗುಚಿಕೊಂಡಿತು.

"ಲಾರಿ ಅಂದ್ಕಂಡ್ಯೇನ್ಲಾ?" ನರ್ಸಮ್ಮನ ದನಿ ತಣ್ಣಗಿತ್ತು. "ಆ ಹಣ್ಣು ನಿನ್ ತಲೆ ಮೇಲೆ ತಿಕ್ಕೋಬೇಕಿತ್ತು."

"ನರ್ಸಜ್ಜಿ, ರೈಲು ಸತ್ತೋಯ್ತಾ?" ಎಂದು ಒಂದು ಹುಡುಗಿ ಕೇಳಿತು.

"ಸಾಯಲ್ಲ ಕಣವ್ವ. ಇಂಥೋರ ಕೈಗೆ ಸಿಕ್ಕಿ ನರಳ್ತದೆ, ಅಷ್ಟೆ."

ಮೊಬೈಲಿನವನು ಮುಂದೆ ಬಂದ. "ಆಂಟಿ, ನಾನು ನೋಡ್ಲಾ? ಇದಕ್ಕಿಂತ ಸಣ್ಣ ಪಾರ್ಟ್ ಕೂರಿಸ್ತೀನಿ ದಿನಾ." ಹೂಂ ಅನ್ನುವ ಮೊದಲೇ ಇಂಜಿನ್ನನ್ನು ಎತ್ತಿ ಹಳಿಯ ಮೇಲಿಟ್ಟು, ಸ್ಕ್ರೂಡ್ರೈವರಿನ ಹಿಡಿಯಿಂದ ಅದರ ನೆತ್ತಿಯನ್ನು ಅದುಮಿದ. ಅಚ್ಚು ಕಿರ್ರೆಂದಿತು.

"ಚೆಯ್ಯಿ ತಿಯ್ಯಿ. ಆಂಟಿ ಅಂತೆ. ಅತ್ಲಾಗಿ ಹೋಗಿ ಕೂತ್ಕೋ." ಆಮೇಲೆ ನನ್ನ ಕಡೆ ತಿರುಗಿ, "ಪಾತ್ರೆಯವ್ನೇ, ಬೀಗ ಕೊಟ್ಬುಡ್ತೀಯೋ, ಕೆನ್ನೆ ಕೊಡ್ತೀಯೋ ನೆಲಕ್ಕೆ?"

ಹಬ್ಬದ ಬಿಳಿ ಅಂಗಿ, ಹೊಸ ಪಂಚೆ. ಬಾಗಿಲ ತುಂಬ ಬೀದಿಯ ಜನ, ಅದರಲ್ಲಿ ನನ್ನ ಗಿರಾಕಿಗಳೇ ಹೆಚ್ಚು. ರೂಮು ಹೋದರೆ ಮತ್ತೆ ಸಂತೆ ಸಂತೆ ತಿರುಗಾಟ. ಮಲಗಿದೆ.

ಮೊದಲು ಹಳಿಯನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸು ಅಂದರು. "ಗಾಯ ಒರ್ಸೋ ಹಂಗೆ ಒರ್ಸು, ಬಾಣಲೆ ಉಜ್ಜೋ ಹಂಗಲ್ಲ." ಕುಂಕುಮ, ನಿಂಬೆರಸ, ನನ್ನ ಭಕ್ತಿ ಎಲ್ಲವೂ ಹತ್ತಿಗೆ ಬಂತು. ಬೋಗಿಗಳ ಕೊಂಡಿ ಬಿಡಿಸಿ ಇಂಜಿನ್ನೊಂದನ್ನೇ ಹಳಿಯ ಮೇಲಿಟ್ಟೆ. ನಿಂತು ನೋಡಿದ್ದರೆ ಸರಿಯಾಗಿ ಕೂತಿದೆ ಎಂದು ಆಣೆ ಮಾಡುತ್ತಿದ್ದೆ. ಕೆನ್ನೆ ನೆಲಕ್ಕಿಟ್ಟಾಗ ಕಂಡಿತು: ಹಿಂದಿನ ಒಂದು ಚಕ್ರದ ಅಂಚು ಹಳಿಯ ಒಳಮಗ್ಗುಲಿಗೆ ಇಳಿಯದೆ, ಹಳಿಯ ತಲೆಯ ಮೇಲೇ ಹತ್ತಿ ಕೂತಿತ್ತು.

"ಕಾಣ್ತಾ?"

"ಕಾಣ್ತು."

"ಒತ್ತಬ್ಯಾಡ. ಚಕ್ರದ ಚೌಕಟ್ಟು ಹಳಿಗೆ ನೇರ ಮಾಡು. ಬೆರಳು ಸುಮ್ನೆ ತಾಗ್ಸಿ ಇಂದಕ್ಕೂ ಮುಂದಕ್ಕೂ ಆಡ್ಸು. ಅದ್ರ ಜಾಗ ಅದಕ್ಕೆ ಗೊತ್ತು."

ಆಡಿಸಿದೆ. ನನ್ನ ಹೆಬ್ಬೆಟ್ಟು ಒತ್ತಲು ಹಾತೊರೆಯುತ್ತಿತ್ತು. ಅದನ್ನು ತಡೆದದ್ದೇ ದೊಡ್ಡ ಕೆಲಸ. ಟಿಕ್ ಎಂದು ಸಣ್ಣ ಸದ್ದಾಗಿ ಚಕ್ರ ಇಳಿಯಿತು. ಬೋಗಿಗಳನ್ನೂ ಒಂದೊಂದಾಗಿ ಹಾಗೆಯೇ ಕೂರಿಸಿ, ಕೊಂಡಿ ಹಾಕಿ, ಸ್ವಿಚ್ ಒತ್ತಿದೆ. ರೈಲು ಗೊಂಬೆಗಳ ಹಿಂದೆ ಮರೆಯಾಯಿತು. ಆ ತಿರುವಿನಲ್ಲೇ ಅದು ಬೀಳುತ್ತಿದ್ದದ್ದು ಹೆಚ್ಚು. ನಾನು ಕೆನ್ನೆ ಎತ್ತಲಿಲ್ಲ. ಆ ಕಡೆ ಪಟ್ಟದ ಗೊಂಬೆಗಳ ಕಾಲಬುಡದಲ್ಲಿ ಕರಿ ಮೂತಿ ಕಂಡಿತು.

ಹೊಗಳಿಕೆ ಬರಬಹುದೆಂದು ಕಾದೆ. "ಚಕ್ಕುಲಿ ಹಂಚು" ಅಂದರು. ರೂಮು ಉಳಿಯಿತು ಎಂದು ಅದರಲ್ಲೇ ತಿಳಿಯಬೇಕು. ಮೊಬೈಲಿನವನು ನಾಚಿಕೆಯಿಲ್ಲದೆ ಕೈ ಒಡ್ಡಿದ. ಕೊಟ್ಟೆ, ಮುರಿದ ಚಕ್ಕುಲಿ.

ಅದೇ ಅವರ ಕೊನೆಯ ದಸರೆ. ಬೇಸಿಗೆಯಲ್ಲಿ ಹಾಸಿಗೆ ಹಿಡಿದರು. ಮದ್ದು ಕುಡಿಸಲು ಬಂದವರನ್ನೆಲ್ಲ ಬೈದು ಓಡಿಸಿದರು. ನಾನು ಅಂಗಡಿ ಮುಚ್ಚಿ ಒಳಗೆ ಹೋಗಿ ಕೂರುತ್ತಿದ್ದೆ. ಅಷ್ಟು ಹೊತ್ತಿಗೆ ಗಿರಾಕಿಯ ಕೈಗೆ ಪಾತ್ರೆ ಕೊಟ್ಟು ಸುಮ್ಮನೆ ನಿಲ್ಲುವುದನ್ನು ಕಲಿತಿದ್ದೆ. ನೀವೂ ಕಲಿಯಿರಿ, ವ್ಯಾಪಾರ ಹೆಚ್ಚುತ್ತದೆ. ಇದು ಯಾರ ಪಾಠವೆಂದು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಅದಕ್ಕೂ ಬೈಯುತ್ತಿದ್ದರು.

ಜೀವ ಹೋಗುವ ಮುನ್ನಾದಿನ ಸಂಜೆ ಅವರ ಕೈ ಹೊದಿಕೆಯ ಮೇಲೆ ನಿಲ್ಲದೆ ನಡುಗುತ್ತಿತ್ತು. ನೋಡಲಾಗದೆ ನನ್ನ ಅಂಗೈಯನ್ನು ಅದರ ಮೇಲಿಟ್ಟು ಅದುಮಿ ಹಿಡಿದೆ. ಕಣ್ಣು ತೆರೆಯದೆಯೇ ಹೇಳಿದರು:

"ಚೆಯ್ಯಿ ತಿಯ್ಯಿ."

ತೆಗೆದೆ. ಸ್ವಲ್ಪ ಹೊತ್ತು ಬಿಟ್ಟು ಅಂಗೈಯನ್ನು ಅವರ ಕೈಯ ಕೆಳಗೆ ಇಟ್ಟೆ, ಒತ್ತದೆ, ತಾಗಿಯೂ ತಾಗದ ಹಾಗೆ. ಅದು ನನ್ನ ಅಂಗೈಯ ಮೇಲೆ ತನ್ನ ಪಾಡಿಗೆ ನಡುಗುತ್ತಾ ಇತ್ತು. ಅವರು ಅದನ್ನು ಅಲ್ಲೇ ಬಿಟ್ಟರು.