ನಸೀಮಾ ಬರೆದ ನಾಲ್ಕನೇ ದೂರು

ಆರ್.ಟಿ. ನಗರದ ನಸೀಮಾಳ ಕಸುಬು ಬಟನ್ ಒತ್ತುವುದು. ಹೆಬ್ಬಾಳದ ಒಂದು ಕಂಪನಿ, ಪರದೆಯನ್ನು ಹಿಂದಕ್ಕೆ ಮಡಚಿದರೆ ಟ್ಯಾಬ್ಲೆಟ್ ಆಗಿಬಿಡುವ ಲ್ಯಾಪ್‌ಟಾಪ್ ತಯಾರಿಸುತ್ತಿತ್ತು. ಅದರ ಅಂಚಿನ ಬಟನ್‌ಗಳನ್ನು ದಿನಕ್ಕೆ ಸಾವಿರ ಸಲ ಒತ್ತಿ, ಒತ್ತಿದ್ದು ಯಂತ್ರಕ್ಕೆ ತಿಳಿಯಿತೇ ಎಂದು ಅವಳು ಬರೆದಿಡಬೇಕು. ಹನ್ನೆರಡು ವರ್ಷ ಗಾರ್ಮೆಂಟ್ಸ್‌ನಲ್ಲಿ ಕಾಲರ್ ತಪಾಸಣೆ ಮಾಡಿ ಬಂದವಳು. ತಪ್ಪು ಅವಳ ಕಣ್ಣು ತಪ್ಪಿಸುವುದು ಕಷ್ಟ.

ಕಾಂಟ್ರ್ಯಾಕ್ಟ್ ನೌಕರರಿಗೆ ಅಲ್ಲಿ ಕುರ್ಚಿ ಮಂಜೂರಾಗಿರಲಿಲ್ಲ. ಹೀಗಾಗಿ ಅವಳು ಯಂತ್ರವನ್ನು ಕೂಸಿನಂತೆ ಎಡಗೈ ಮೇಲೆ ಹೊತ್ತು, ನಿಂತೇ ಕೆಲಸ ಮಾಡುತ್ತಿದ್ದಳು. ಹಾಗೆ ಹಿಡಿದು ಮಡಚಿದರೆ ಹೆಬ್ಬೆರಳು ಸದ್ದು ಹೆಚ್ಚಿಸುವ ಬಟನ್ ಮೇಲೆ ಬೀಳುತ್ತಿತ್ತು. ಬೆರಳು ತೆಗೆದರೂ ಸದ್ದು ಏರುತ್ತಲೇ ಹೋಗುತ್ತಿತ್ತು. ಅವಳು ದೂರು ಬರೆದಳು.

ಬಟನ್ ಒತ್ತಿದ ಸುದ್ದಿಯನ್ನು ಯಂತ್ರಕ್ಕೆ ಮುಟ್ಟಿಸುವ ತಂತ್ರಾಂಶಕ್ಕೆ ಡ್ರೈವರ್ ಎನ್ನುತ್ತಾರೆ. ಅದನ್ನು ಬರೆದ ಮಹಾನುಭಾವ ಮಹೇಂದ್ರ. ದೊಡ್ಡ ಸಂಬಳ, ಅದಕ್ಕಿಂತ ದೊಡ್ಡ ಕುರ್ಚಿ. ಯಂತ್ರವನ್ನು ಮೇಜಿನ ಮೇಲಿಟ್ಟು, ಮೊದಲು ಮಡಚಿ, ಆಮೇಲೆ ತೋರುಬೆರಳಿನಿಂದ ಬಟನ್ ಮುಟ್ಟಿ, 'ನನ್ನಲ್ಲಿ ಸರಿಯಾಗಿದೆ' ಎಂದು ದೂರು ಮುಚ್ಚಿದ. ಮೂರು ಸಲವೂ ಅದೇ ಕತೆ. ಮೂರನೆಯದಕ್ಕೆ 'ಹಿಡಿಯುವ ಕೈ ಸರಿಯಿಲ್ಲ' ಎಂಬ ಷರಾ ಬೇರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಇನ್ನೊಂದು ಸುಳ್ಳು ದೂರು ಬಂದರೆ ಶುಕ್ರವಾರಕ್ಕೆ ಅವಳ ಕಾಂಟ್ರ್ಯಾಕ್ಟ್ ಮುಗಿಯಿತು ಎಂದು ಮ್ಯಾನೇಜರ್ ನಗುನಗುತ್ತಲೇ ಹೇಳಿದ. ನಸೀಮಾಳಿಗೆ ಅಳು ಬರಲಿಲ್ಲ, ಮೈ ಉರಿಯಿತು. ನಾಲ್ಕನೇ ದೂರು ಬರೆದು, ಯಂತ್ರ ಹೊತ್ತು ನೇರವಾಗಿ ಮಹೇಂದ್ರನ ಮುಂದೆ ಹೋದಳು.

"ಸಾರ್, ಒಂದ್ ನಿಮಿಷ ಎದ್ದೇಳಿ."

"ಯಾಕ್ರೀ? ಇಲ್ಲೇ ತೋರ್ಸಿ."

"ಕೂತ್ರೆ ಬರಲ್ಲ ಸಾರ್. ತಗೊಂಡೋರ್ ಮನೆಗೆಲ್ಲಾ ನಿಮ್ ಟೇಬಲ್ ಕಳ್ಸಕ್ಕಾಗುತ್ತಾ?"

ಪಕ್ಕದವರು ಕಿಸಕ್ಕೆಂದರು. ಮರ್ಯಾದೆಗೆ ಹೆದರಿ ಮಹೇಂದ್ರ ಎದ್ದ. ಪರೀಕ್ಷೆಗೆಂದು ಹಾಕಿದ ಹಾಡು ಸಣ್ಣಗೆ ಕೇಳುತ್ತಿತ್ತು. ಅವಳು ಯಂತ್ರವನ್ನು ಅವನ ಎಡಗೈ ಮೇಲಿಟ್ಟು, "ಈಗ ಮಡ್ಚಿ" ಎಂದಳು. ಮಡಚಿದ. ಸದ್ದು ಏರಿತು, ಇನ್ನೂ ಏರಿತು. ಬೆರಳು ಕಿತ್ತ, ಕಡಿಮೆ ಮಾಡುವ ಬಟನ್ ಗುದ್ದಿದ, ಯಂತ್ರವನ್ನೇ ಕೊಡವಿದ. ಇಡೀ ಮಹಡಿ ಕಿವಿ ಮುಚ್ಚಿಕೊಂಡು ಅವನನ್ನೇ ನೋಡಿತು.

ಬಟನ್ ಒತ್ತಿದ ಸುದ್ದಿ ಡ್ರೈವರ್‌ಗೆ ತಲುಪಿತ್ತು. ಬೆರಳು ತೆಗೆದ ಸುದ್ದಿಯನ್ನು ಮಡಚುವ ಗಡಿಬಿಡಿಯಲ್ಲಿ ಅದು ಕಳೆದುಕೊಂಡಿತ್ತು. ನಾಲ್ಕು ಸಾಲು ಸೇರಿಸಿದರೆ ರಿಪೇರಿಯಾಗುವ ತಪ್ಪಿಗೆ ಎರಡು ತಿಂಗಳು ಹಿಡಿದಿತ್ತು.

ನಸೀಮಾಳ ಕಾಂಟ್ರ್ಯಾಕ್ಟ್ ಮೂರು ತಿಂಗಳು ಮುಂದುವರಿಯಿತು. ಸೋಮವಾರದ ಸಭೆಯಲ್ಲಿ, ಗುಪ್ತ ದೋಷವನ್ನು ಪತ್ತೆ ಹಚ್ಚಿದ್ದಕ್ಕೆ ಮಹೇಂದ್ರನಿಗೆ ಗಾಜಿನ ಫಲಕ ಕೊಟ್ಟು ಚಪ್ಪಾಳೆ ತಟ್ಟಿದರು. ಸಭೆ ಮುಗಿದ ಮೇಲೆ ಅವನು ಫಲಕ ಹಿಡಿದುಕೊಂಡೇ ಅವಳ ಹತ್ತಿರ ಬಂದ.

"ನಿಮ್ ಹೆಸ್ರೂ ಹಾಕ್ಬೇಕು ಅಂತಿದ್ದೆ ಕಣ್ರೀ. ಫಾರ್ಮಲ್ಲಿ ಕಾಂಟ್ರ್ಯಾಕ್ಟ್‌ನೋರಿಗೆ ಕಾಲಮ್ಮೇ ಇಲ್ಲ."

"ಇರ್ಲಿ ಬಿಡಿ ಸಾರ್. ಪವರ್ ಬಟನ್ನಲ್ಲೂ ಒಂದ್ ತಪ್ಪು ಸಿಕ್ಕಿದೆ. ಇದಕ್ಕಿಂತ ದೊಡ್ದು."

ಮಹೇಂದ್ರ ಫಲಕವನ್ನು ಕಂಕುಳಿಗೆ ಸಿಕ್ಕಿಸಿ ಅವಳ ಕೈಯಲ್ಲಿದ್ದ ಯಂತ್ರದತ್ತ ಬಗ್ಗಿದ. ಬುಧವಾರ ಯಂತ್ರ ಅಂಗಡಿಗಳಿಗೆ ಹೋಗುವುದಿತ್ತು.

"ಏನ್ರೀ ಅದು?"

"ಪತ್ತೆ ಹಚ್ಚೋರು ನೀವಲ್ವಾ ಸಾರ್? ಹಚ್ಚಿ."