ರುಚಿ ನೋಡಬಾರದ ಪಾನಕ

ನನ್ನ ಅತ್ತೆಗೆ ವಾಸನೆ ತಿಳಿಯುವುದಿಲ್ಲ ಎಂಬ ಸಂಗತಿ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಕೊರೊನಾ ಬಂದು ಹೋದ ಮೇಲೆ ನಮ್ಮೆಲ್ಲರ ಮೂಗು ಸರಿಹೋಯಿತು, ಅವರದು ಸರಿಹೋಗಲಿಲ್ಲ. ಒಂದು ಬೆಳಿಗ್ಗೆ ಒಗ್ಗರಣೆ ಸೀದು ಕರಕಾಗುತ್ತಿದ್ದರೂ ಅವರು ಒಲೆಗೆ ಬೆನ್ನು ಹಾಕಿ ಕೊತ್ತಂಬರಿ ಬಿಡಿಸುತ್ತಲೇ ಇದ್ದರು. ನಾನು ಓಡಿಬಂದು ಒಲೆ ಆರಿಸಿದೆ. ಅವರು ನನ್ನ ಮುಖ ನೋಡಿದರು. ನನಗೆ ತಿಳಿದುಹೋಯಿತು ಎಂಬುದು ಅವರಿಗೂ ತಿಳಿಯಿತು.

"ಯಾರ ಮುಂದೂ ಬಾಯಿ ಬಿಡಬ್ಯಾಡ," ಎಂದರು. ಬೇಡಿಕೊಳ್ಳುವ ಹೆಂಗಸಲ್ಲ ಅವರು. ಅದನ್ನೂ ಅಪ್ಪಣೆಯ ಹಾಗೇ ಹೇಳಿದರು.

ಬಳ್ಳಾರಿಯ ಪಾರ್ವತಿನಗರದಲ್ಲಿ ನಮ್ಮ ಮನೆ. ಈ ಮನೆಯವರು ವೈಷ್ಣವರು, ನಾನು ಕುರುಗೋಡಿನ ಶೈವರ ಮಗಳು. ನನ್ನ ತವರಿನಲ್ಲಿ ಚಮಚ ಅದ್ದಿ ರುಚಿ ನೋಡದೆ ಮಜ್ಜಿಗೆಯನ್ನೂ ಯಾರ ಮುಂದೂ ಇಡುವುದಿಲ್ಲ. ಇಲ್ಲಿ ದೇವರಿಗೆ ಇಡುವವರೆಗೆ ನಾಲಿಗೆಗೆ ತಾಗಿಸುವಂತಿಲ್ಲ, ತಾಗಿಸಿದರೆ ಎಂಜಲು. ಹತ್ತಿರ ಹಿಡಿದು ಮೂಸುವಂತೆಯೂ ಇಲ್ಲ. ತಾನಾಗಿ ಬಂದ ಘಮ ಮಾತ್ರ ತಪ್ಪಲ್ಲ. ಅತ್ತೆ ಜೀವಮಾನವೆಲ್ಲ ಆ ತಾನಾಗಿ ಬರುವ ಘಮದ ಮೇಲೆಯೇ ಅಡುಗೆ ಮಾಡಿದವರು.

ಹೀಗಾಗಿ ನಾನು ಅವರ ಮೂಗಾದೆ. ಹಬ್ಬದ ದಿನ ಅಡುಗೆಮನೆಯ ಹೊಸ್ತಿಲ ಈಚೆ ನಿಂತು "ಸಾರು ಘಮಘಮ ಅನ್ನಾಕತ್ತೈತ್ರಿ" ಎಂದರೆ ಇಂಗು ಸಾಕು ಎಂದರ್ಥ. ಸುಮ್ಮನಿದ್ದರೆ ಇನ್ನೊಂದು ಚಿಟಿಕೆ. ಬಂದ ನೆಂಟರು, ಈ ಸೊಸೆ ಅತ್ತೆಯನ್ನು ಹೊಗಳಿ ಹೊಗಳಿ ಬುಟ್ಟಿಗೆ ಹಾಕಿಕೊಂಡಿದ್ದಾಳೆ ಅಂದುಕೊಂಡರು. ಅಂದುಕೊಳ್ಳಲಿ ಬಿಡಿ. ಹೊಸ್ತಿಲ ಆಚೆಗೆ ಮಾತ್ರ ನಾನು ಹೋಗುತ್ತಿರಲಿಲ್ಲ. ದಿನದ ಅಡುಗೆಗೆ ನನ್ನ ಕೈ ನಡೆಯುತ್ತಿತ್ತು, ನೈವೇದ್ಯದ ಅಡುಗೆಗೆ ನಡೆಯುತ್ತಿರಲಿಲ್ಲ. ಆ ಬಗ್ಗೆ ನನಗೆ ಸಿಟ್ಟಿತ್ತು. ಇಲ್ಲವೆಂದರೆ ಸುಳ್ಳಾಗುತ್ತದೆ.

ಸಿರುಗುಪ್ಪಕ್ಕೆ ಕೊಟ್ಟ ನಾದಿನಿಗೆ ತಾಯಿಯ ಮೇಲೆ ಅನುಮಾನ ಶುರುವಾಗಿತ್ತು. ಅವಳು ಬಂದಿದ್ದಾಗ ಒಮ್ಮೆ ಹಾಲು ಹೊತ್ತಿತು, ಇನ್ನೊಮ್ಮೆ ಹಳಸಿದ ಚಟ್ನಿ ಎಲೆಗೆ ಬಂತು. "ಅಮ್ಮಗ ವಯಸ್ಸಾತು. ಇನ್ನೊಂದು ಸಲ ಹಿಂಗಾದ್ರ ಅಡಿಗಿಯವ್ರನ್ನ ಇಡ್ರಿ. ಅಕಿನ್ನ ಒಲಿ ಮುಂದ ಬಿಡಬ್ಯಾಡ್ರಿ," ಎಂದು ಅಣ್ಣನಿಗೆ, ಅಂದರೆ ನನ್ನ ಗಂಡನಿಗೆ, ಖಡಾಖಂಡಿತ ಹೇಳಿ ಹೋಗಿದ್ದಳು. ಅವಳು ಹೇಳಿದ್ದು ಪ್ರೀತಿಯಿಂದಲೇ. ಆದರೆ ಅತ್ತೆಯನ್ನು ಕುರ್ಚಿಯ ಮೇಲೆ ಕೂರಿಸಿ ಬೇರೆಯವರಿಂದ ಅಡುಗೆ ಮಾಡಿಸಿದರೆ ಅವರು ಒಂದು ವರ್ಷ ಬದುಕುತ್ತಾರೋ ಇಲ್ಲವೋ ಎಂಬ ಭಯ ನನಗಿತ್ತು.

ಹೋದ ಬೇಸಿಗೆಯ ಚೈತ್ರಗೌರಿಯ ದಿನ. ಓಣಿಯ ಹೆಂಗಸರನ್ನೆಲ್ಲ ಅರಿಷಿಣ ಕುಂಕುಮಕ್ಕೆ ಕರೆದಿದ್ದೆವು. ಒಳಗೆ ಕಾಲಿಡಲಾಗದ ಸೆಕೆಯೆಂದು ಅಂಗಳಕ್ಕೆ ನೀರು ಹೊಡೆದು, ಬೇವಿನ ಮರದ ಕೆಳಗೆ ಜಮಖಾನೆ ಹಾಸಿತ್ತು. ಕೊಡುವುದು ಕೋಸಂಬರಿ ಮತ್ತು ಬೆಲ್ಲದ ಪಾನಕ. ಕುರುಗೋಡಿನ ಸಾಲೆಯಲ್ಲಿ ನಾನು ಟೀಚರು. ಮಧ್ಯಾಹ್ನವೇ ಹೊರಟು ಬಂದು ಹೊಸ್ತಿಲ ಬಳಿ ನಿಲ್ಲುತ್ತೇನೆಂದು ಅತ್ತೆಗೆ ಮಾತು ಕೊಟ್ಟಿದ್ದೆ. ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತು. ಇನ್ನೊಂದು ಬಸ್ಸಿಗೆ ಕಾದು, ನಿಂತುಕೊಂಡೇ ಬಂದು ಮನೆ ಮುಟ್ಟುವ ಹೊತ್ತಿಗೆ ಹೆಂಗಸರು ಬಂದು ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಮಕ್ಕಳು ಲೋಟಗಳನ್ನು ಆಗಲೇ ಹಿಡಿದುಕೊಂಡಿದ್ದರು.

ಒಳಗೆ ಹೋದವಳೇ ಹೊಸ್ತಿಲಲ್ಲಿ ನಿಂತೆ. ಹಿತ್ತಾಳೆಯ ಕೊಳಗದ ತುಂಬ ಪಾನಕ. ನಿಂಬೆ, ಶುಂಠಿ, ಏಲಕ್ಕಿ ಎಲ್ಲವನ್ನೂ ಮೀರಿ ಕರ್ಪೂರ ಮೂಗಿಗೆ ಬಡಿಯಿತು. ಪಾನಕಕ್ಕೆ ಹಾಕುವುದು ಪಚ್ಚಕರ್ಪೂರ, ಸಾಸಿವೆಯಷ್ಟು. ಅದರ ವಾಸನೆ ತಣ್ಣಗೆ, ಸಿಹಿಯಾಗಿ ಇರುತ್ತದೆ. ಇದು ಖಾರವಾದ, ಆರತಿ ತಟ್ಟೆಯ ವಾಸನೆ. ಆರತಿಯ ಕರ್ಪೂರ ಹೊಟ್ಟೆಗೆ ಹೋದರೆ ವಿಷ. ಮಕ್ಕಳಿಗಂತೂ ಸ್ವಲ್ಪ ಹೋದರೂ ಜೀವಕ್ಕೇ ಅಪಾಯ.

"ಅತ್ತೀ, ಪಚ್ಚಕರ್ಪೂರ ಯಾವ ಡಬ್ಬಿದು ಹಾಕೀರಿ?"

"ಯಾವ ಡಬ್ಬಿದು ಅಂದ್ರ? ಯಾವಾಗ್ಲೂ ಹಾಕೋ ಡಬ್ಬಿದು," ಎಂದರು ಅತ್ತೆ. ದನಿಯಲ್ಲಿ ಎಚ್ಚರಿಕೆ ಇತ್ತು, ಏಕೆಂದರೆ ಹಬ್ಬಕ್ಕೆ ಬಂದಿದ್ದ ನಾದಿನಿ ಅಲ್ಲೇ ಕೋಸಂಬರಿಗೆ ಮಾವಿನಕಾಯಿ ತುರಿಯುತ್ತಿದ್ದಳು.

"ಯಾಕ ವೈನಿ, ಏನಾತು?" ಎಂದಳು ಅವಳು, ತಲೆ ಎತ್ತಿ.

"ಏನಿಲ್ಲ. ಕರ್ಪೂರ ಜೋರು ವಾಸನಿ ಐತಿ."

"ಈಗ ಆರತಿ ಆಗ್ಯದ. ಕರ್ಪೂರ ಬಿಟ್ಟು ಇನ್ನೇನು ವಾಸನಿ ಬರಬೇಕು?"

ಅದೂ ನಿಜವೇ ಇರಬಹುದು. ದೇವರ ಮನೆಯ ಬಾಗಿಲಲ್ಲಿ ಇನ್ನೂ ಹೊಗೆ ಸುಳಿಯುತ್ತಿತ್ತು. ಪಚ್ಚಕರ್ಪೂರದ ಡಬ್ಬಿಯೂ ಆ ಬಾಗಿಲ ಒಳಗೇ ಇತ್ತು. ನಾನು ಬಸ್ಸಿನ ಸೀರೆಯಲ್ಲಿದ್ದೆ, ಮೈಲಿಗೆ. ಒಳಗೆ ಹೋಗುವಂತಿಲ್ಲ, ಮುಟ್ಟುವಂತಿಲ್ಲ. ಸ್ನಾನಕ್ಕೆ ಹೋದರೆ ಅಷ್ಟರಲ್ಲಿ ನೈವೇದ್ಯ ಮುಗಿಯುತ್ತದೆ. ಆಮೇಲೆ ಅದು ಪ್ರಸಾದ. ಪ್ರಸಾದ ಬೇಡ ಎನ್ನುವವರು ಯಾರು? ವಾಸನೆ ಬೇರೆ ಇದೆ ಎಂದು ಬಾಯಿ ಬಿಟ್ಟು ಹೇಳಿದರೆ ನಾದಿನಿಯ ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತಿತ್ತು: ಅಮ್ಮ, ನಿನಗ ತಿಳೀಲಿಲ್ಲೇನು?

ದೇವರ ಮನೆಯಿಂದ, ಪೂಜೆಗೆ ಕೂತಿದ್ದ ಮಾವನವರ ದನಿ ಬಂತು. "ತರ್ರಿ ಪಾನಕ. ಹೊತ್ತಾತು."

ಅತ್ತೆ ಕೊಳಗದ ಕಿವಿಗೆ ಕೈ ಹಾಕಿದರು. ನಾನು ಹೊಸ್ತಿಲು ದಾಟಿದೆ. ಸೌಟು ತೆಗೆದುಕೊಂಡು ಪಾನಕದಲ್ಲಿ ಅದ್ದಿ ಬಾಯಿಗೆ ಇಟ್ಟೆ. ನಾಲಿಗೆ ಉರಿದು, ಕಹಿ ಗಂಟಲಿಗೆ ಹತ್ತಿತು. ಬಚ್ಚಲಿಗೆ ಓಡಿ ಉಗಿದೆ. ಕಣ್ಣಲ್ಲಿ ಬಳಬಳ ನೀರು ಬಂತು.

ತಿರುಗಿ ಬರುವಷ್ಟರಲ್ಲಿ ನಾದಿನಿ ಎದ್ದು ನಿಂತಿದ್ದಳು. "ವೈನಿ, ನಿಮಗ ತಲಿ ಕೆಟ್ಟದೇನು? ದೇವಿಗೆ ಇಡೋದು ಎಂಜಲ ಮಾಡಿದ್ರಲ್ಲ."

"ಬಾಯಾರಿತ್ತು. ಬಿಸಿಲಾಗ ನಿಂತು ಬಂದೆ, ಮರ್ತೆ. ನೆನಪಾದ ಕೂಡ್ಲೆ ಉಗುಳಿದೆ," ಎಂದೆ. ಅದಕ್ಕಿಂತ ಒಳ್ಳೆಯ ಸುಳ್ಳು ಆ ಕ್ಷಣಕ್ಕೆ ಹೊಳೆಯಲಿಲ್ಲ.

"ಇಷ್ಟು ವರ್ಷ ಆದ್ರೂ ನಮ್ಮ ಮನಿ ಪದ್ಧತಿ ಬರಲಿಲ್ಲ ನಿಮಗ. ಎಲ್ಲಿಂದ ಬಂದೀರಿ ಅನ್ನೋದು ತೋರಿಸಿದ್ರಿ."

ಕಿಟಕಿಯ ಆಚೆ ಹೆಂಗಸರ ಮಾತು ನಿಂತುಹೋಯಿತು. ನನಗೆ ಮೈಯೆಲ್ಲ ಉರಿಯಿತು. ಒಂದು ಮಾತು ಆಡಿದ್ದರೆ ಅವಳ ಬಾಯಿ ಮುಚ್ಚುತ್ತಿತ್ತು, ಆ ಮಾತು ನನ್ನ ನಾಲಿಗೆಯ ತುದಿಗೇ ಬಂದಿತ್ತು. ತುಟಿ ಕಚ್ಚಿಕೊಂಡೆ. ಪಾನಕವನ್ನು ಇನ್ನು ಯಾರೂ ಕುಡಿಯುವುದಿಲ್ಲ, ಅಷ್ಟು ಸಾಕು ಅಂದುಕೊಂಡೆ. ಆದರೂ ಅಳು ಬಂತು, ಕರ್ಪೂರದ್ದಲ್ಲದ ಅಳು.

ಅತ್ತೆ ನನ್ನನ್ನೇ ನೋಡುತ್ತಿದ್ದರು. ದೇವರ ಮನೆಗೆ ಹೋಗಿ ಆ ಪುಟ್ಟ ಡಬ್ಬಿ ತಂದು, ಮುಚ್ಚಳ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದರು.

"ಇದು ಯಾವುದು? ಖರೇ ಹೇಳು."

ನಾನು ನಾದಿನಿಯ ಕಡೆ ನೋಡಿದೆ. ಹಿಂದೆಯೇ ಬಂದ ಮಾವನವರು ಡಬ್ಬಿ ನೋಡಿ, "ಅದು ಆರತಿ ಕರ್ಪೂರದ ಚೂರು. ಪಚ್ಚಕರ್ಪೂರ ತೀರಿತ್ತು, ಡಬ್ಬಿ ಖಾಲಿ ಬಿದ್ದಿತ್ತಲ್ಲ ಅಂತ ನಾನ ಹಾಕಿಟ್ಟೆ," ಎಂದರು. ಅವರು ಖಾಲಿ ಡಬ್ಬಿ ಎಸೆದವರೇ ಅಲ್ಲ.

ನಾದಿನಿ ಒಮ್ಮೆ ಕೊಳಗದ ಕಡೆ, ಒಮ್ಮೆ ಅಂಗಳದಲ್ಲಿ ಲೋಟ ಹಿಡಿದ ಮಕ್ಕಳ ಕಡೆ ನೋಡಿದಳು. "ಅಮ್ಮ, ಹಾಕೋವಾಗ ವಾಸನಿಗೆ ತಿಳೀಬೇಕಿತ್ತಲ್ಲ ನಿನಗ?"

ಬಂತಲ್ಲ ಆ ಪ್ರಶ್ನೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

"ನನಗ ವಾಸನಿ ತಿಳಿಯಂಗಿಲ್ಲ," ಎಂದರು ಅತ್ತೆ. ದನಿ ತಗ್ಗಲಿಲ್ಲ. "ಆ ಜ್ವರ ಬಂದಾಗಿಂದ ಇಲ್ಲ. ಇಕಿಗೆ ಗೊತ್ತದ, ಯಾರಿಗೂ ಹೇಳಿಲ್ಲ. ಇಕಿ ಬಾಯಾರಿ ಕುಡದಿಲ್ಲ."

ಅತ್ತೆಯೇ ಕೊಳಗವನ್ನು ಎಳೆದು ಬಚ್ಚಲಿಗೆ ಬಗ್ಗಿಸಿದರು. ಬೂದಿ, ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದರು. ನಾದಿನಿ, "ಅಮ್ಮ, ನೀ ಕೂಡು, ನಾ ಮಾಡ್ತೀನಿ," ಎಂದು ಮುಂದೆ ಬಂದರೆ ಕೈ ಅಡ್ಡ ಹಿಡಿದರು. ಮಾವನವರು ಅಂಗಳಕ್ಕೆ ಹೋಗಿ ಎಲ್ಲರಿಗೂ ಮಡಕೆಯ ನೀರು ಕೊಡಿಸಿ, ಪಾನಕ ಸ್ವಲ್ಪ ತಡವಾಗುತ್ತದೆ ಎಂದು ಹೇಳಿದರು. ಅತ್ತೆ ಬೆಲ್ಲ ಜಜ್ಜಿ ನೀರಿಗೆ ಹಾಕಿ ಕರಗಿಸಿದರು, ಬಟ್ಟೆಯಲ್ಲಿ ಸೋಸಿದರು, ನಿಂಬೆಹಣ್ಣು ಹಿಂಡಿ, ಶುಂಠಿ ಮೆಣಸಿನ ಪುಡಿ ಉದುರಿಸಿದರು. ಏಲಕ್ಕಿ ಹಾಕುವಾಗ ಮಾತ್ರ ಅವರ ಕೈ ತಡೆಯಿತು. ಡಬ್ಬಿಯನ್ನು ಮೂರು ಸಲ ಮುಚ್ಚಿ ತೆರೆದರು.

ಮೊದಲಾಗಿದ್ದರೆ ನಾನು ಹೊಸ್ತಿಲ ಈಚೆಯಿಂದ ಘಮ ಎನ್ನುತ್ತಿದ್ದೆ. ಆವತ್ತು ನನ್ನ ಮೂಗಿನಲ್ಲೂ ಬಾಯಲ್ಲೂ ಬರೀ ಕರ್ಪೂರ. ಬಾಯಿ ಮುಕ್ಕಳಿಸಿ ಮುಕ್ಕಳಿಸಿ ಬಂದು ಸುಮ್ಮನೆ ನಿಂತಿದ್ದೆ. ಅತ್ತೆ ಒಂದು ಲೋಟಕ್ಕೆ ಪಾನಕ ಹಾಕಿ, ಹೊಸ್ತಿಲಿಗೆ ತಂದು ನನ್ನ ಕೈಗೆ ಇಟ್ಟರು.

"ಕುಡದು ಹೇಳು."

"ಅತ್ತೀ, ಇನ್ನೂ ನೈವೇದ್ಯ ಆಗಿಲ್ರಿ. ನನ್ನ ಮೈಯಾಗ ಬಸ್ಸಿನ ಸೀರಿ ಐತಿ."

"ಇರಲಿ. ಗೌರಿ ಕಾಯ್ತಾಳ. ಮಕ್ಕಳು ಕುಡಿಯೋದದ, ಮೊದಲು ನೀ ಕುಡಿ."

ದೇವರ ಮನೆಯ ಬಾಗಿಲಲ್ಲಿ ನಿಂತ ಮಾವನವರು ಏನೋ ಹೇಳಲು ಹೋಗಿ, ಬಿಟ್ಟರು. ನಿಧಾನವಾಗಿ ಕುಡಿದೆ. ಎರಡನೆಯ ಗುಟುಕಿಗೆ ಕರ್ಪೂರದ ಕಹಿ ಹೋಗಿ ರುಚಿ ಹತ್ತಿತು. ಬೆಲ್ಲ, ಹುಳಿ ಎಲ್ಲ ಅಚ್ಚುಕಟ್ಟಾಗಿತ್ತು.

"ಏಲಕ್ಕಿ ಕಡಿಮಿ ಐತ್ರಿ," ಎಂದೆ.

ನಾದಿನಿ ಕುಟ್ಟಾಣಿ ಎಳೆದುಕೊಂಡು ಕೂತು ಏಲಕ್ಕಿ ಸುಲಿದು ಕುಟ್ಟತೊಡಗಿದಳು. ಕುಟ್ಟಿದ್ದನ್ನು ಅಂಗೈಗೆ ಸುರಿದುಕೊಂಡು ತಾಯಿಯ ಕಡೆ ನೋಡಿದಳು.

"ಅಮ್ಮ, ಎಷ್ಟು ಹಾಕಲಿ?"

"ನನ್ನೇನು ಕೇಳ್ತಿ," ಎಂದರು ಅತ್ತೆ. "ನಿಮ್ಮ ವೈನಿನ್ನ ಕೇಳು."